ಅಕಾಲದ ಗುಡುಗು: ನೋಡುವುದು, ದಾಖಲಿಸುವುದು



ಮಲೆನಾಡಿನಲ್ಲಿ ಮಳೆ ಗುಡ್ಡದ ಮರೆಯಿಂದ ಬಂದೆರಗುತ್ತದೆ. ಅದರ ಪೂರ್ಣರೂಪ ಕಾಣುವುದು ಅಪರೂಪ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಬಯಲಿನಲ್ಲಿ ಹಾಗಲ್ಲ. ಅಲ್ಲಿ ಹತ್ತಾರು ಕಿಲೋಮೀಟರ್ ದೂರದ ಗುಡುಗುಮೋಡವೂ ಬುಡದಿಂದ ನೆತ್ತಿಯವರೆಗೆ ಕಾಣಿಸುತ್ತದೆ.

ಆ ಸೀಮೆಗೆ ಫೆಬ್ರವರಿ, ಮಾರ್ಚ್ ಸುಗ್ಗಿಯ ಕಾಲ. ಬಿಳಿಜೋಳ ಕೊಯ್ಲಿಗೆ ಬಂದಿರುತ್ತದೆ, ಕಡಲೆ ಕಣ ಸೇರುತ್ತಿರುತ್ತದೆ, ದ್ರಾಕ್ಷಿ ಮಾಗಿರುತ್ತದೆ. ಇವೆಲ್ಲಕ್ಕೂ ಬೇಕಾದುದು ಒಣಹವೆ. ಆದರೆ 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ಮತ್ತೆ ಮತ್ತೆ ಗುಡುಗುಮಳೆ, ಆಲಿಕಲ್ಲು ಸುರಿದವು. ಆಗ ಬಿಜಾಪುರವೆಂಬ ಹೆಸರಿದ್ದ ವಿಜಯಪುರ ಜಿಲ್ಲೆಯೂ ಅದರ ಪೆಟ್ಟು ತಿಂದಿತು.

ಕಾರಣವಿಷ್ಟು: ಸಮುದ್ರದ ತೇವಗಾಳಿ ಕೆಳಗೆ ಹರಿದು ಬಂದಾಗ, ಉತ್ತರದ ತಂಪುಗಾಳಿ ದಕ್ಷಿಣಕ್ಕೆ ಇಳಿದು ಮೇಲ್ಪದರವನ್ನು ತಣ್ಣಗಾಗಿಸುತ್ತದೆ. ಕಾದ ನೆಲದ ಗಾಳಿ ರಭಸದಿಂದ ಮೇಲೇರಿ ಹತ್ತು ಕಿಲೋಮೀಟರಿಗೂ ಮೀರಿದ ಎತ್ತರದ ಮೋಡವಾಗುತ್ತದೆ. ಅದರೊಳಗೆ ಮಂಜಿನ ಹರಳುಗಳು ಉಜ್ಜಿ ಮಿಂಚು ಹುಟ್ಟುತ್ತದೆ.

ಇಂಥ ಮೋಡದ ಚಿತ್ರ ತೆಗೆಯುವವರು ಮೊದಲು ಜೀವ ಕಾಯ್ದುಕೊಳ್ಳಬೇಕು. ಬಯಲಿನಲ್ಲಿ ನಿಂತವನೇ ಎತ್ತರದ ವಸ್ತು, ಒಂಟಿಮರ ಆಸರೆಯಲ್ಲ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಎಣಿಕೆ 30ಕ್ಕಿಂತ ಕಡಿಮೆಯಾದರೆ ಪಕ್ಕಾ ಮನೆಯೊಳಗೆ ಸೇರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ರಾತ್ರಿಯ ಮಿಂಚನ್ನು ಕಿಟಕಿಯ ಒಳಗಿನಿಂದಲೇ ಹಿಡಿಯಬಹುದು: ಕ್ಯಾಮೆರಾವನ್ನು ಅಲುಗದಂತೆ ಇರಿಸಿ, 10–20 ಸೆಕೆಂಡು ಕಣ್ಣು ತೆರೆದಿಟ್ಟರೆ ಸಾಕು.

ಚಿತ್ರ ಸುಂದರವಾದರೆ ಸಂತೋಷವೇ. ಆದರೆ ದಿನಾಂಕ, ವೇಳೆ, ಊರು, ದಿಕ್ಕು ಬರೆದಿಟ್ಟ ಸಾಮಾನ್ಯ ಚಿತ್ರವೇ ಹೆಚ್ಚು ಬೆಲೆಯುಳ್ಳದ್ದು. ಆಲಿಕಲ್ಲು ಬಿದ್ದರೆ ಅದು ಕರಗುವ ಮೊದಲು ನಾಣ್ಯದ ಪಕ್ಕದಲ್ಲಿಟ್ಟು ಚಿತ್ರ ತೆಗೆಯಬೇಕು. ಆಲಿಕಲ್ಲು ಒಂದು ಊರನ್ನು ಹೊಡೆದು ಪಕ್ಕದ ಊರನ್ನು ಬಿಡುತ್ತದೆ. ತಾಲ್ಲೂಕಿನ ಮಳೆಮಾಪಕಕ್ಕೆ ಅದು ಸಿಗದೇ ಹೋಗಬಹುದು. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ. ಕೊಯ್ದು ಒಣಗಲು ಹೊಲದಲ್ಲಿ ಹರಡಿದ ಬೆಳೆಗೂ 14 ದಿನಗಳವರೆಗೆ ಅಕಾಲಿಕ ಮಳೆಯಿಂದ ರಕ್ಷಣೆಯುಂಟು. ವಿಮೆ ಮಾಡಿಸಿದ ರೈತನ ಮಾತಿಗೆ ವೇಳೆ ನಮೂದಿಸಿದ ಚಿತ್ರ ಬಲ ಕೊಡುತ್ತದೆ.

ವಿದ್ಯಾರ್ಥಿಗಳು ಶಾಲೆಗೊಂದು ಮೋಡದ ದಿನಚರಿ ಇಡಲಿ. ಕಾಲ ತಪ್ಪಿದ ಮಳೆ ಹೆಚ್ಚುತ್ತಿದೆಯೇ ಎಂಬ ಪ್ರಶ್ನೆಗೆ ನೆನಪು ಉತ್ತರಿಸಲಾರದು. ವರುಷಗಟ್ಟಲೆ ಬರೆದಿಟ್ಟ ಪುಟಗಳು ಉತ್ತರಿಸಬಲ್ಲವು.