ಹುಳು ಹಿಡಿಯುವ ಬೂಷ್ಟು
(ವಾಚನಾಲಯದ ವಾರದ ಕೂಟದಲ್ಲಿ ಮಾಡಿದ ಭಾಷಣ)



ಮಳೆಗಾಲದಲ್ಲಿ ಗಿರಣಿಯ ಗೋದಾಮಿನ ಬಟ್ಟೆಗೆ ಬೂಷ್ಟು ಹಿಡಿದರೆ ಅದನ್ನು ನಷ್ಟದ ಖಾತೆಗೆ ಬರೆಯುವವರು ನಾವು. ರೈತನ ಲಾಭದ ಖಾತೆಗೆ ಸೇರುವ ಬೂಷ್ಟೂ ಉಂಟೆಂದು ಈಚೆಗೆ ಓದಿ ತಿಳಿದೆವು.

ಹೋದ ವರ್ಷ ಊರಿನ ನಮ್ಮ ಹೊಲದಲ್ಲಿ ಬದನೆ ಬಾಡಿತು. ನೀರಿತ್ತು, ಗೊಬ್ಬರವಿತ್ತು. ಪಗಾರದಲ್ಲಿ ಉಳಿಸಿದ್ದನ್ನು ಎಲೆಗೆ ಹೊಡೆಯುವ ಔಷಧಕ್ಕೆಂದು ಎರಡು ಸಲ ಕಳಿಸಿದೆವು. ಗಿಡ ಉಳಿಯಲಿಲ್ಲ. ಕಿತ್ತು ನೋಡಿದರೆ ಬೇರಿನ ತುಂಬ ಗಂಟು!

ಇದು ಬೇರುಗಂಟಿನ ಜಂತುಹುಳುವಿನ ಕೆಲಸ. ಮಣ್ಣಿನಲ್ಲಿರುವ ಇಂಥ ದುಂಡು ಹುಳುಗಳು ಬರಿಗಣ್ಣಿಗೆ ಕಾಣವು. ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು.

ಅವಕ್ಕೂ ವೈರಿಗಳುಂಟು. ಆರ್ಥ್ರೊಬೊಟ್ರಿಸ್ ಎಂಬ ಬೂಷ್ಟು ಹುಳುಗಳನ್ನು ಹಿಡಿದು ಕೊಲ್ಲುವುದನ್ನು 1888ರಲ್ಲಿ ಜರ್ಮನಿಯ ವಿಜ್ಞಾನಿ ವಿಲ್ಹೆಲ್ಮ್ ಝೋಫ್ ಕಂಡರು. ಅದು ತನ್ನ ಎಳೆಗಳಿಂದಲೇ ಅಂಟಿನ ಬಲೆ ಮಾಡುತ್ತದೆ. ಸಿಕ್ಕ ಹುಳುವಿನ ಮೈಯೊಳಗೆ ಎಳೆ ಹೊಕ್ಕು ಸಾರ ಹೀರುತ್ತದೆ. ಬೇರೆ ಕೆಲವು ಬೂಷ್ಟುಗಳು ಮೂರೇ ಕೋಶಗಳ ಉಂಗುರ ಮಾಡಿ ಕಾಯುತ್ತವೆ. ಹುಳು ತೂರಿದೊಡನೆ, ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ, ಕೋಶಗಳು ಉಬ್ಬಿ ಕುಣಿಕೆ ಬಿಗಿಯುತ್ತದೆ. ಹುಳುಗಳು ತಮ್ಮೊಳಗೆ ಸುಳಿವು ಕೊಡಲು ಬಿಡುವ ರಾಸಾಯನಿಕದಿಂದಲೇ ಬೂಷ್ಟು ಅವುಗಳ ಇರವನ್ನು ಅರಿತು ಬಲೆ ಹೂಡುತ್ತದೆಂದು 2013ರಲ್ಲಿ ಗೊತ್ತಾಯಿತು.

ಹುಳುವಿನ ಮೊಟ್ಟೆಯನ್ನೇ ತಿನ್ನುವ ಬೂಷ್ಟೂ ಇದೆ. 1979ರಲ್ಲಿ ಪೆರು ದೇಶದಲ್ಲಿ ಬೇರುಗಂಟಿನ ಹುಳುವಿನ ಮೊಟ್ಟೆಗಳ ಮೇಲೆ ಕಂಡ ಜಾತಿಯನ್ನು ಈಗ ನಮ್ಮ ದೇಶದಲ್ಲೂ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಹೊಲಕ್ಕೆ ಹಾಕುತ್ತಾರೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಈ ಬಗೆಯ ಸಂಶೋಧನೆ ನಡೆಸಿದೆ. ಆದರೆ ಇದು ಮಂತ್ರವಲ್ಲ. ಮಣ್ಣಿನಲ್ಲಿ ತೇವ ಬೇಕು, ಗೊಬ್ಬರ ಬೇಕು, ಫಲ ನಿಧಾನ. ಬೂಷ್ಟು ಕೊಲ್ಲುವ ಔಷಧವನ್ನು ಮಣ್ಣಿಗೆ ಸುರಿದರೆ ಈ ನೆಂಟನೂ ಸಾಯಬಹುದು.

ಬಂಧುಗಳೆ, ಔಷಧಕ್ಕೆ ಹಣ ಕಳಿಸುವ ಮುನ್ನ ಮನೆಗೆ ಒಂದು ಮಾತು ತಿಳಿಸಿರಿ. ಬಾಡಿದ ಗಿಡವೊಂದನ್ನು ಮೆಲ್ಲಗೆ ಅಗೆದು ಬೇರು ತೊಳೆದು ನೋಡಲಿ. ಶೇಂಗಾ, ಹೆಸರು, ಕಡಲೆ ಬೇರಿನ ಗುಳ್ಳೆ ಬೇರೆ. ಅದು ಬೆರಳಿನಿಂದ ಉಜ್ಜಿದರೆ ಉದುರುತ್ತದೆ, ಬೆಳೆಗೆ ಹಿತ. ಹುಳುವಿನ ಗಂಟೆಂದರೆ ಬೇರೇ ಊದಿಕೊಂಡದ್ದು, ಉದುರದು. ಗಂಟು ಕಂಡರೆ ಗಿಡವನ್ನು ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಲಿ. ನಾವು ಎರಡು ಸಲ ಕಳೆದುಕೊಂಡ ಹಣವನ್ನು ತಾವಾದರೂ ಉಳಿಸಿಕೊಳ್ಳಿರಿ.