ಗಾಡಿಯ ದೋಷ ಓದಲು ಕಂಪ್ಯೂಟರ್ ತಂತಿ



ತರಕಾರಿ ಹೇರಿ ಮಾರುಕಟ್ಟೆಗೆ ಹೊರಟ ಪಿಕಪ್ ಗಾಡಿಯಲ್ಲಿ ಎಂಜಿನ್ ದೀಪ ಹೊತ್ತಿಕೊಂಡರೆ, ದೋಷದ ಸಂಕೇತ ಗಾಡಿಯೊಳಗೇ ದಾಖಲಾಗಿರುತ್ತದೆ. ಅದನ್ನು ಕಂಪ್ಯೂಟರಿಗೆ ತಲುಪಿಸುವ ಸಾಧನವನ್ನು ಬೆಸುಗೆ ಕೆಲಸ ಬಲ್ಲ ಯುವಕರು ಮನೆಯಲ್ಲೇ ಜೋಡಿಸಬಹುದು.

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿನಲ್ಲಿ 16ನೆಯದು ಬ್ಯಾಟರಿಯ ಪಾಸಿಟಿವ್, 4 ಮತ್ತು 5 ಅರ್ತ್, 7ನೆಯದು ‘ಕೆ-ಲೈನ್’. ಕೆ-ಲೈನಿನಲ್ಲಿ 12 ವೋಲ್ಟ್ ಇರುತ್ತದೆ, ಕಂಪ್ಯೂಟರಿನ ಯು.ಎಸ್.ಬಿ. ಸೀರಿಯಲ್ ತಂತಿ ತಾಳುವುದು 5 ವೋಲ್ಟ್ ಮಾತ್ರ. ನೇರ ಜೋಡಿಸಿದರೆ ಕಂಪ್ಯೂಟರ್ ಸುಟ್ಟೀತು. ಆದ್ದರಿಂದ ನಡುವೆ ಎಲ್9637 ಚಿಪ್, ಕೆ-ಲೈನಿಗೂ ಪಾಸಿಟಿವ್‌ಗೂ ನಡುವೆ 510 ಓಮ್ ರೆಸಿಸ್ಟರ್, ಪಾಸಿಟಿವ್ ತಂತಿಗೆ ಫ್ಯೂಸ್ ಕಡ್ಡಾಯ. 6 ಮತ್ತು 14ನೇ ಪಿನ್ನುಗಳಲ್ಲಿ ಮಾತಾಡುವ ಹೊಸ ಗಾಡಿಗಳಿಗೆ ಇದು ಒಗ್ಗದು.

ಪರದೆಯ ಮೇಲೆ ಪಿ0087 ಬಂದರೆ ಇಂಧನದ ಒತ್ತಡ ಕಡಿಮೆಯಿದೆ ಎಂದಷ್ಟೇ ಅರ್ಥ. ಪಂಪು ಕೆಟ್ಟಿದೆ ಎಂದಲ್ಲ. ಎಲೆ ಹಳದಿಯಾದೊಡನೆ ಯೂರಿಯಾ ಸುರಿಯುವವರಂತೆ ಪಂಪು ಬದಲಿಸಿ ಹಣ ಕಳೆದುಕೊಳ್ಳಬಾರದು. ಮೊದಲು ಡೀಸೆಲ್ ಫಿಲ್ಟರ್, ಅದರ ತಳದಲ್ಲಿ ನಿಂತ ನೀರು, ಗಾಳಿ ಎಳೆಯುವ ಪೈಪಿನ ಸಂದು ನೋಡಬೇಕು. ಸಂಕೇತವನ್ನು ಬರೆದಿಟ್ಟುಕೊಳ್ಳದೆ ಅಳಿಸಬೇಡಿ; ದೋಷ ಕಂಡ ಗಳಿಗೆಯ ಎಂಜಿನ್ ವೇಗ, ಉಷ್ಣತೆಯ ದಾಖಲೆಯೂ ಅದರೊಡನೆ ಅಳಿಸಿಹೋಗುತ್ತದೆ.