ಮಳೆ ಬಂದರೆ ಬಚ್ಚಲು ಉಕ್ಕುವುದೇಕೆ?

ಮಳೆಗಾಲ ಬಂತೆಂದರೆ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಕಡೆಯವರದು ಒಂದೇ ದೂರು: ಮಳೆ ಜೋರಾದ ಕೂಡಲೇ ನೆಲಮಹಡಿಯ ಬಚ್ಚಲಲ್ಲಿ ಕೊಳಚೆ ನೀರು ಮೇಲೆ ಬರುತ್ತದೆ, ಏನು ಮಾಡುವುದು?

ಮೊದಲು ತಾರಸಿಯ ಪೈಪು ಎಲ್ಲಿಗೆ ಇಳಿದಿದೆ ನೋಡಿ. ರಸ್ತೆ ಬದಿಯ ಮೋರಿಗೋ, ಒಳಚರಂಡಿಯ ಚೇಂಬರಿಗೋ? ‘ಎಲ್ಲಿಗೆ ಬಿಟ್ಟರೂ ಸೇರುವುದು ವೃಷಭಾವತಿ ನದಿಗೇ ತಾನೆ?’ ಎಂದು ಕೆಲವರು ವಾದಿಸುತ್ತಾರೆ. ಅಲ್ಲ ಸ್ವಾಮಿ! ಮೋರಿಯ ನೀರು ರಾಜಕಾಲುವೆ ಹಿಡಿದು ವೃಷಭಾವತಿಗೆ ಹೋಗುತ್ತದೆ. ಒಳಚರಂಡಿಯ ನೀರು ಹೋಗಬೇಕಾದ್ದು ಜಲಮಂಡಳಿಯ ಶುದ್ಧೀಕರಣ ಘಟಕಕ್ಕೆ.

ಲೆಕ್ಕ ಹಾಕಿ. 30-40 ಸೈಟಿನ ಮನೆಗೆ ಸಾವಿರ ಚದರಡಿ ತಾರಸಿ ಎಂದುಕೊಳ್ಳೋಣ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಸುರಿದರೆ ಅದರ ಮೇಲೆ ಬೀಳುವ ನೀರು ಸುಮಾರು 4,600 ಲೀಟರ್. ನಾಲ್ಕು ಜನರಿರುವ ಮನೆಯಿಂದ ದಿನಕ್ಕೆ ಹೊರಹೋಗುವ ಕೊಳಚೆ 450 ಲೀಟರ್ ಆದೀತು. ಅಂದರೆ ತಾರಸಿಯ ಪೈಪು ಚೇಂಬರಿಗೆ ಇಳಿದಿದ್ದರೆ, ಹತ್ತು ದಿನದ ನೀರನ್ನು ಒಂದೇ ಗಂಟೆಯಲ್ಲಿ ಒಳಚರಂಡಿಯ ಪೈಪಿಗೆ ತುರುಕುತ್ತೀರಿ. ಇಡೀ ಬೀದಿ ಹೀಗೇ ಮಾಡಿದರೆ ಪೈಪು ತುಂಬುತ್ತದೆ, ಚೇಂಬರಿನಲ್ಲಿ ಮಟ್ಟ ಏರುತ್ತದೆ. ಏರಿದ ನೀರು ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿಂದ ಹೊರಬರುತ್ತದೆ. ಆ ಬಾಯಿ ಇಳಿಜಾರಿನ ಕೊನೆಯ ಮನೆಯ ಬಚ್ಚಲು. ಮತ್ತೆ ಹೇಳುತ್ತೇನೆ: ನೀರು ಮೇಲಿನ ಕ್ರಾಸಿನವರ ತಾರಸಿಯದು, ಉಕ್ಕುವುದು ಕೆಳಗಿನ ಕ್ರಾಸಿನವರ ಮನೆಯಲ್ಲಿ. ‘ಪೈಪು ಕಟ್ಟಿಕೊಂಡಿದೆ, ಸಕ್ಕಿಂಗ್ ಗಾಡಿ ಕರೆಸಿ’ ಎಂದು ಗದ್ದಲ ಮಾಡುವವರ ಚೇಂಬರಿನ ಮುಚ್ಚಳ ತೆಗೆಸಿದರೆ, ಎಷ್ಟೋ ಸಲ ಅವರದೇ ತಾರಸಿಯ ಪೈಪು ಅಲ್ಲಿ ಬಾಯಿ ತೆರೆದು ಕೂತಿರುವುದನ್ನು ಕಂಡಿದ್ದೇನೆ.

ಅನುಮಾನವಿದ್ದರೆ ಒಂದು ಬಕೆಟ್ ನೀರಿಗೆ ಅರಿಶಿನ ಕಲಸಿ ತಾರಸಿಯ ತೂತಿಗೆ ಸುರಿಯಿರಿ. ಚೇಂಬರಿನಲ್ಲಿ ಹಳದಿ ನೀರು ಕಂಡರೆ ನಾಳೆಯೇ ಪ್ಲಂಬರನ್ನು ಕರೆಯಿರಿ. ಪೈಪನ್ನು ಅಲ್ಲಿಂದ ಬಿಡಿಸಿ, ಫಿಲ್ಟರ್ ಇಟ್ಟು ಸಂಪಿಗೋ ಇಂಗುಗುಂಡಿಗೋ ತಿರುಗಿಸಿ. ಮಿಕ್ಕಿದ್ದು ಮೋರಿಗೆ ಹೋಗಲಿ.

ಇನ್ನೊಂದು, ಬಹಳ ಮುಖ್ಯವಾದದ್ದು. ರಸ್ತೆಯಲ್ಲಿ ನೀರು ನಿಂತಿತೆಂದು ಮ್ಯಾನ್‌ಹೋಲ್ ಮುಚ್ಚಳ ಎತ್ತಬೇಡಿ, ದಯವಿಟ್ಟು ಬೇಡ. ಮಣ್ಣು, ಪ್ಲಾಸ್ಟಿಕ್ ಎಲ್ಲ ಒಳಗೆ ಹೋಗಿ ಪೈಪು ನಿಜವಾಗಿಯೂ ಕಟ್ಟಿಕೊಳ್ಳುವುದು ಆಗಲೇ. ಮೊಳಕಾಲುದ್ದ ಕೆಸರು ನೀರಿನಡಿ ತೆರೆದ ಗುಂಡಿ ಕಾಣುವುದಿಲ್ಲ. ಶಾಲೆಯಿಂದ ಬರುವ ಮಗು ಅದರೊಳಗೆ ಕಾಲಿಟ್ಟರೆ ಗತಿಯೇನು?

ತಗ್ಗಿನ ಮನೆಯವರು ಹೊರಹೋಗುವ ಪೈಪಿಗೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಹಾಕಿಸಿ. ಅದರ ರೆಕ್ಕೆಗೆ ಕೂದಲು ಸಿಕ್ಕಿಕೊಂಡರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಮೇ ತಿಂಗಳಲ್ಲೇ ಬಿಚ್ಚಿಸಿ ತೊಳೆಸಿಡಿ.